ತುಪ್ಪ ಬಿಟ್ಟವರ ಅಡುಗೆಗೆ ಯಾವುದು: ನ್ಯೂಟ್ರಿಷನಲ್ ಯೀಸ್ಟೋ, ಹುರುಳಿ ಕಟ್ಟೋ, ಗೇರುಬೀಜವೋ?

ಎರಡು ವರ್ಷದ ಹಿಂದೆ ತಂಗಿಯ ಮಗಳು ಬೆಂಗಳೂರಿನಿಂದ ಕಾಸರಗೋಡಿನ ಹತ್ತಿರದ ನಮ್ಮ ಬದಿಯಡ್ಕಕ್ಕೆ ಬಂದವಳು ಕಾಲು ತೊಳೆಯುವ ಮೊದಲೇ ಹೇಳಿದಳು, "ದೊಡ್ಡಮ್ಮ, ನಾನೀಗ ವೀಗನ್. ಹಾಲು, ಮಜ್ಜಿಗೆ, ತುಪ್ಪ ಯಾವುದೂ ಬೇಡ." ಮೀನು ಮಾಂಸ ನಮ್ಮಲ್ಲಿ ಮೊದಲೇ ಇಲ್ಲ. ಬಿಡಲಿಕ್ಕೆ ಉಳಿದದ್ದು ಹಸುವಿನದ್ದು ಮಾತ್ರ. ಆದರೆ ಅದನ್ನು ಬಿಟ್ಟರೆ ಹವ್ಯಕರ ಮನೆಯ ಊಟದಲ್ಲಿ ಎಂತ ಉಳಿಯಿತು? ಮಜ್ಜಿಗೆಯ ತಂಬುಳಿ ಹೋಯಿತು, ಮಜ್ಜಿಗೆ ಹುಳಿಯಂಥ ಮೇಲಾರ ಹೋಯಿತು, ಕೊನೆಯ ಮಜ್ಜಿಗೆ ಅನ್ನವೂ ಹೋಯಿತು. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅವಳು ಬ್ಯಾಗಿನಿಂದ ಒಂದು ಡಬ್ಬ ತೆಗೆದಳು. ಒಳಗೆ ಹಳದಿ ಬಣ್ಣದ ತೆಳು ಚೂರುಗಳು. ಅತ್ತೆ ಮೂಸಿ ನೋಡಿ ಕೇಳಿದರು, "ಇದೆಂತರ, ಮರದ ಹೊಡಿಯ?"

ಅವತ್ತಿನಿಂದ ನಮ್ಮ ಮನೆಯಲ್ಲಿ ನ್ಯೂಟ್ರಿಷನಲ್ ಯೀಸ್ಟಿಗೆ ಮರದ ಹೊಡಿ, ಅಂದರೆ ಮರದ ಪುಡಿ, ಅಂತಲೇ ಹೆಸರು. ಗಂಜಿಯಿಂದ ಹಿಡಿದು ಪೋಡಿಯವರೆಗೆ (ಬಜ್ಜಿಗೆ ನಮ್ಮ ಹೆಸರು) ಎಲ್ಲದಕ್ಕೂ ಹಾಕಿ ನೋಡಿದ್ದೇನೆ. ಕೆಲವು ಕಡೆ ಗೆದ್ದಿತು. ಕೆಲವು ಕಡೆ ಪಾತ್ರೆಗೆ ಪಾತ್ರೆಯೇ ಬಾಳೆಬುಡಕ್ಕೆ ಹೋಯಿತು. ಹೊರಗಿನ ಪಾಕವಿಧಾನಗಳೆಲ್ಲ ಇದನ್ನು ಚೀಸಿನ ಬದಲಿಗೆ ಹಾಕಿ ಅನ್ನುತ್ತವೆ. ನಮ್ಮ ಅಡುಗೆಮನೆಯಲ್ಲಿ ಚೀಸ್ ಇದ್ದದ್ದಾದರೂ ಯಾವಾಗ? ಹಸು ಬಿಟ್ಟು ಹೋದ ಜಾಗ ನಮ್ಮಲ್ಲಿ ಮಜ್ಜಿಗೆಯ ಹುಳಿಯದ್ದು, ತುಪ್ಪದ ಪರಿಮಳದ್ದು. ಆ ಜಾಗಕ್ಕೆ ಈ ಹೊಡಿ ಹೊಂದುತ್ತದಾ, ಅಲ್ಲ ಮನೆಯಲ್ಲೇ ಇರುವ ಬೇರೆ ಏನಾದರೂ ಸಾಕಾ ಅಂತ ನೋಡಬೇಕು.

ಮೊದಲು ಇದು ಏನು ಅಂತ

ಬ್ರೆಡ್ಡು ಉಬ್ಬಿಸುವ ಯೀಸ್ಟ್ ಇದೆಯಲ್ಲ, ಸ್ಯಾಕರೊಮೈಸಿಸ್ ಸೆರೆವಿಸಿಯೆ, ಅದೇ ಜಾತಿ. ಕಬ್ಬಿನ ಅಥವಾ ಬೀಟಿನ ಕಾಕಂಬಿಯಲ್ಲಿ ಬೆಳೆಸುತ್ತಾರೆ. ಬೆಳೆದ ಮೇಲೆ ತೊಳೆದು, ಬಿಸಿ ಮಾಡಿ ಸಾಯಿಸಿ, ಒಣಗಿಸಿ ಚೂರು ಮಾಡುತ್ತಾರೆ. ಸತ್ತಿರುವುದರಿಂದ ಇದು ಹಿಟ್ಟನ್ನು ಉಬ್ಬಿಸುವುದಿಲ್ಲ. ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪ್ರೋಟೀನ್. ಅದರಲ್ಲಿ ಗ್ಲುಟಾಮಿಕ್ ಆಮ್ಲ ಜಾಸ್ತಿ ಇರುವುದರಿಂದ ನಾಲಗೆಗೆ ಉಮಾಮಿ ಅನ್ನುವ ರುಚಿ ಸಿಗುತ್ತದೆ. ಉಮಾಮಿ ಅಂದರೆ ದೊಡ್ಡ ಸಂಗತಿಯೇನಲ್ಲ. ನಿನ್ನೆಯ ಸಾರನ್ನು ಇವತ್ತು ಇನ್ನೊಮ್ಮೆ ಕುದಿಸಿದಾಗ ಬರುವ ಆ ತುಂಬಿದ ರುಚಿ ಇದೆಯಲ್ಲ, ಅದರ ಹತ್ತಿರದ್ದು.

ಇದರಲ್ಲಿ ಎರಡು ಸಂಗತಿ ಇಲ್ಲ. ಒಂದು ಉಪ್ಪು, ಇನ್ನೊಂದು ಕೊಬ್ಬು. ನೋಡಲಿಕ್ಕೆ ಚೀಸಿನ ಬಣ್ಣ, ಪರಿಮಳ ಗೇರುಬೀಜ ಹುರಿದ ಹಾಗೆ. ಹಾಗಂತ ಇದನ್ನೇ ನಂಬಿ ಉಪ್ಪು ಎಣ್ಣೆ ಹಾಕದೆ ಬಿಟ್ಟರೆ ಹೊಟ್ಟು ತಿಂದ ಹಾಗಾಗುತ್ತದೆ. ಮೊದಲ ಸಲ ತಿಂದು "ಇದಾ?" ಅಂತ ಮುಖ ಕಿವುಚುವವರಲ್ಲಿ ಮುಕ್ಕಾಲು ಪಾಲು ಜನ ಮಾಡಿರುವ ತಪ್ಪು ಇದೇ.

ಅತ್ತೆಯ ಎರಡನೇ ಪ್ರಶ್ನೆ, "ಇದಕ್ಕೆ ಜೀವ ಉಂಟಾ?" ಇತ್ತು, ಈಗ ಇಲ್ಲ. ಯೀಸ್ಟ್ ಅಣಬೆಯ ಬಳಗದ್ದು. ನಮ್ಮ ಕಡೆ ಅಣಬೆಯನ್ನು ಒಳಗೆ ತಾರದ ಮನೆಗಳಿವೆ. ಅಂಥವರಿಗೆ ಇದನ್ನು ಬಡಿಸುವ ಮೊದಲು ಹೇಳಿಬಿಡುವುದು ಮರ್ಯಾದೆ. ಹೇಳಿದ ಮೇಲೆ ಅತ್ತೆ ಸ್ವಲ್ಪ ಯೋಚಿಸಿ, ಬೇಕರಿಯ ಬ್ರೆಡ್ಡಿನಲ್ಲೂ ಇದೇ ಇರುವುದಾದರೆ ತೊಂದರೆ ಇಲ್ಲ ಅಂದರು. ರಾತ್ರಿ ಹುಳಿ ಬರುವ ದೋಸೆ ಹಿಟ್ಟಿನಲ್ಲೂ ಯೀಸ್ಟಿನ ನೆಂಟರು ಇರುತ್ತಾರೆ ಅಂತ ನಾನು ಹೇಳಲಿಕ್ಕೆ ಹೋಗಲಿಲ್ಲ.

ಯೀಸ್ಟ್ ಅಂತ ಕೇಳಿದರೆ ಕೊಡುವುದೆಲ್ಲ ಒಂದೇ ಅಲ್ಲ

ಡಬ್ಬ ಖಾಲಿಯಾದಾಗ ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದೆ. ನಮ್ಮಲ್ಲಿ ಗೊತ್ತಲ್ಲ, ಪೊಟ್ಟಣದ ಮೇಲೆ ಇಂಗ್ಲಿಷ್, ಅಂಗಡಿಯವರ ಮಾತು ಮಲಯಾಳ, ನಾನು ಕೇಳಿದ್ದು ಅರ್ಧ ತುಳುವಿನಲ್ಲಿ. "ಯೀಸ್ಟ್" ಅನ್ನುವ ಒಂದು ಶಬ್ದ ಮಾತ್ರ ಎಲ್ಲರಿಗೂ ಗೊತ್ತಾಯಿತು. ತಂದದ್ದನ್ನು ಚುರುಮುರಿಗೆ ಎರಡು ಚಮಚ ಉದುರಿಸಿ ತಿಂದೆವು. ಕಹಿ. ರಾತ್ರಿಯಿಡೀ ಹೊಟ್ಟೆ ಚೆಂಡೆಯ ಹಾಗೆ. ಅದು ಬ್ರೆಡ್ಡಿಗೆ ಹಾಕುವ ಜೀವಂತ ಒಣ ಯೀಸ್ಟ್. ಅದನ್ನು ಹಸಿಯಾಗಿ ತಿನ್ನಬಾರದು. ಸಣ್ಣ ಸಣ್ಣ ಕಂದು ಕಾಳಿನ ಹಾಗಿದ್ದರೆ ಅದು ಬ್ರೆಡ್ಡಿನದ್ದು. ಹಳದಿ ಬಣ್ಣದ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಚೂರಾದರೆ ನಮಗೆ ಬೇಕಾದದ್ದು. ಉಳಿದದ್ದನ್ನು ಬಾಣಲೆಯಲ್ಲಿ ಹುರಿದು ಸಾಯಿಸಿ ಉಪಯೋಗಿಸೋಣ ಅಂತ ನೋಡಿದೆ. ಹೊಟ್ಟೆಗೆ ತೊಂದರೆ ಆಗಲಿಲ್ಲ, ಆದರೆ ಕಹಿ ಹೋಗಲೂ ಇಲ್ಲ.

ಬ್ರೂವರ್ಸ್ ಯೀಸ್ಟ್ ಅಂತ ಇನ್ನೊಂದು. ಬಿಯರ್ ಮಾಡಿ ಉಳಿದದ್ದು. ಕಹಿ ಜಾಸ್ತಿ, ಬಾರ್ಲಿಯ ಅಂಶ ಇರಬಹುದಾದ್ದರಿಂದ ಗ್ಲುಟೆನ್ ಆಗದವರಿಗೆ ಬೇಡ. ಅಡುಗೆಗೆ ಇದನ್ನು ತರುವ ಅಗತ್ಯವೇ ಇಲ್ಲ.

ಮೂರನೆಯದು ಯೀಸ್ಟಿನ ಸಾರ, ಕಪ್ಪು ಲೇಹ್ಯದ ಹಾಗಿರುವಂಥದ್ದು. ಇಂಗ್ಲೆಂಡಿನ ಮಾರ್ಮೈಟ್ 1902ರಿಂದ ಇದೆ, ಆಸ್ಟ್ರೇಲಿಯಾದ ವೆಜಿಮೈಟ್ 1923ರಿಂದ. ಕೊಲ್ಲಿಯಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಒಮ್ಮೊಮ್ಮೆ ಇವು ಬರುತ್ತವೆ. ಉಪ್ಪೆಂದರೆ ಉಪ್ಪು. ಒಂದು ಪಾತ್ರೆ ಸಾರಿಗೆ ಕಾಲು ಚಮಚ ಸಾಕು. ಆದರೆ ಇದರ ಕೆಲಸವನ್ನು ನಮ್ಮ ಮನೆಯದ್ದೇ ಒಂದು ವಸ್ತು ಇನ್ನೂ ಚೆನ್ನಾಗಿ ಮಾಡುತ್ತದೆ.

ಹುರುಳಿ ಕಟ್ಟು

ಹಿಂದೆ ಎತ್ತು ಎಮ್ಮೆಗಳಿಗೆ ಹುರುಳಿ ಬೇಯಿಸಿ ಹಾಕುತ್ತಿದ್ದರು. ಕಂಬಳದ ಕೋಣಗಳಿಗೆ ಈಗಲೂ ಹಾಕುತ್ತಾರೆ. ಬೆಂದ ಕಾಳು ಕೋಣಕ್ಕೆ, ಬೇಯಿಸಿದ ನೀರು ಮನೆಯವರಿಗೆ. ಆ ನೀರನ್ನು ಒಲೆಯ ಮೇಲೆ ಗಂಟೆಗಟ್ಟಲೆ ಬತ್ತಿಸಿದರೆ ಕಪ್ಪಗೆ, ದಪ್ಪಗೆ, ಚಮಚಕ್ಕೆ ಅಂಟುವ ಹಾಗಾಗುತ್ತದೆ. ಇದು ನಮ್ಮೂರ ಮಾರ್ಮೈಟ್. ಒಗ್ಗರಣೆಗೆ ಬೆಳ್ಳುಳ್ಳಿ, ಕೆಂಪು ಮೆಣಸು, ಸ್ವಲ್ಪ ಹುಳಿ. ಕುಚ್ಚಲಕ್ಕಿ ಅನ್ನದ ಮೇಲೆ ಎರಡು ಚಮಚ ಬಿದ್ದರೆ ತುಪ್ಪದ ನೆನಪೇ ಆಗುವುದಿಲ್ಲ.

ಸಾರು, ಕೊದ್ದೆಲು, ಅಂದರೆ ನೀರಿನ ಅಂಶ ಇರುವ, ಬಣ್ಣ ಕಪ್ಪಾದರೂ ಪರವಾಗಿಲ್ಲ ಅನ್ನುವ ಅಡುಗೆಗೆ ನಾನು ಯಾವತ್ತೂ ಹುರುಳಿ ಕಟ್ಟನ್ನೇ ಆರಿಸುತ್ತೇನೆ. ಯೀಸ್ಟಿಗೆ ಇಲ್ಲಿ ಜಾಗ ಇಲ್ಲ. ಹುಣಸೆಹುಳಿ, ಕೊತ್ತಂಬರಿ, ಇಂಗಿನ ಗದ್ದಲದಲ್ಲಿ ಅದರ ರುಚಿ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ದುಡ್ಡು ದಂಡ. ಹುರುಳಿಯ ಕಷ್ಟ ಒಂದೇ, ಸೌದೆ ಒಲೆ ಇಲ್ಲದಿದ್ದರೆ ಗ್ಯಾಸು ಸುಮ್ನೆ ಉರಿಯುತ್ತದೆ. ಫ್ಲ್ಯಾಟಿನಲ್ಲಿ ಇರುವವರು ಊರಿಗೆ ಬಂದಾಗ ಒಂದು ಬಾಟಲಿ ಮಾಡಿಸಿಕೊಂಡು ಹೋಗುವುದು ಒಳ್ಳೆಯದು.

ಹೊಡಿ ಗೆದ್ದ ಕಡೆಗಳು

ಒಣ ತಿಂಡಿಯಲ್ಲಿ ಇದಕ್ಕೆ ಎದುರಿಲ್ಲ. ಜೀಗುಜ್ಜೆ (ಬ್ರೆಡ್‌ಫ್ರೂಟ್) ಪೋಡಿ ಮಾಡುತ್ತೇವಲ್ಲ, ಎಣ್ಣೆಯಿಂದ ತೆಗೆದ ಕೂಡಲೇ, ಇನ್ನೂ ಚುರುಗುಟ್ಟುತ್ತಿರುವಾಗ, ಮೇಲೆ ಒಂದು ಚಮಚ ಹೊಡಿ, ಚಿಟಿಕೆ ಉಪ್ಪು, ಚಿಟಿಕೆ ಕಾಳುಮೆಣಸು ಉದುರಿಸಿ. ಎಣ್ಣೆಯ ಪಸೆಗೆ ಅಂಟಿ ಕೂರುತ್ತದೆ. ಆರಿದ ಮೇಲೆ ಹಾಕಿದರೆ ಎಲ್ಲ ತಟ್ಟೆಯ ಅಡಿಗೆ. ಹಿಟ್ಟಿನಲ್ಲೇ ಕಲಸಿ ಕರಿದೂ ನೋಡಿದೆ, ಬೇಗ ಕಂದು ಬಣ್ಣ ಬಂದು ಕರಟಿದ ವಾಸನೆ ಹೊಡೆಯಿತು. ನೇಂದ್ರ ಬಾಳೆಕಾಯಿಯ ಚಿಪ್ಸ್, ಮರಗೆಣಸಿನ ಚಿಪ್ಸ್, ಚುರುಮುರಿ, ಹುರಿದ ಕಡಲೆ, ಎಲ್ಲದಕ್ಕೂ ಆಗುತ್ತದೆ. ಹಲಸಿನ ಹಪ್ಪಳಕ್ಕೆ ಬೇಡ. ಅದಕ್ಕೆ ಅದರದ್ದೇ ಗತ್ತಿದೆ.

ಇನ್ನೊಂದು ಗಂಜಿ. ಕುಚ್ಚಲಕ್ಕಿ ಗಂಜಿಗೆ ತುಪ್ಪ ಬಿಡುವವರು ಈಗ ಎಂತ ಮಾಡುವುದು? ಗಾಣದ ತೆಂಗಿನೆಣ್ಣೆ ಒಂದು ಚಮಚ ಬೆಚ್ಚಗೆ ಮಾಡಿ, ಅದಕ್ಕೆ ಒಂದು ಚಮಚ ಹೊಡಿ, ಉಪ್ಪು ಕಲಸಿ ಗಂಜಿಯ ಮೇಲೆ ಬಿಟ್ಟು ನೋಡಿ. ತುಪ್ಪದ ಪರಿಮಳ ಬರುವುದಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ತುಪ್ಪ ಬಿದ್ದಾಗ ಗಂಜಿಗೆ ಬರುವ ನುಣುಪು, ಆ ಹೊಟ್ಟೆ ತುಂಬಿದ ಸಮಾಧಾನ ಬರುತ್ತದೆ. ಬರೀ ತೆಂಗಿನೆಣ್ಣೆಯಿಂದ ಅದು ಆಗುವುದಿಲ್ಲ, ಬರೀ ಹೊಡಿಯಿಂದಲೂ ಆಗುವುದಿಲ್ಲ. ಇದೇ ಮಿಶ್ರಣವನ್ನು ಬಿಸಿ ತೆಳ್ಳವಿಗೆ, ಅಂದರೆ ತೆಳು ದೋಸೆಗೆ, ಸವರಿ ಮಡಚಿ ಕೊಟ್ಟರೆ ಮಕ್ಕಳು ಕೇಳಿ ಹಾಕಿಸಿಕೊಳ್ಳುತ್ತಾರೆ. ಬೆಲ್ಲದ ಜೊತೆ ತೆಳ್ಳವು ತಿನ್ನುವವರಿಗೆ ಮಾತ್ರ ಇದು ಬೇಡ. ಸಿಹಿಯ ಪಕ್ಕದಲ್ಲಿ ಯೀಸ್ಟ್ ಹಳೆಯ ಔಷಧದ ಹಾಗೆ ಮೂಗಿಗೆ ಬಡಿಯುತ್ತದೆ.

ಸೋತ ಕಡೆಗಳು

ಒಂದೆಲಗದ ತಂಬುಳಿ. ಮಜ್ಜಿಗೆ ಬದಲಿಗೆ ನೀರು, ಹೊಡಿ, ನಿಂಬೆ ಅಂತ ಸೊಸೆ ಎಲ್ಲೋ ನೋಡಿಕೊಂಡು ಬಂದು ಮಾಡಿದಳು. ಹಸಿ ಸೊಪ್ಪಿನ ತಂಪಿಗೆ ಈ ಹುರಿದ ಪರಿಮಳ ಹೊಂದುವುದೇ ಇಲ್ಲ. ಬಾಳೆಬುಡಕ್ಕೆ ಹೋದದ್ದು ಇದೇ. ತಂಬುಳಿಗೆ ಗಟ್ಟಿ ಕಾಯಿಹಾಲು, ನಿಂಬೆರಸ ಸಾಕು. ಕಾಲಕ್ಕೆ ಬಿಂಬುಳಿ ಅನ್ನುವ ಹುಳಿ ಕಾಯಿ ಇದ್ದರೆ ಎರಡು ಬಿಂಬುಳಿಯನ್ನು ಕಾಯಿಯ ಜೊತೆಯೇ ಅರೆಯಿರಿ. ಮಜ್ಜಿಗೆಯದ್ದೇ ಹುಳಿ ಅಲ್ಲ, ಆದರೆ ಸೊಪ್ಪಿನ ಮರ್ಯಾದೆ ಉಳಿಯುತ್ತದೆ.

ಮೇಲಾರ ಅರ್ಧ ಗೆಲುವು, ಅರ್ಧ ಸೋಲು. ಬಿಂಬುಳಿ ಅಥವಾ ಅಂಬಟೆಕಾಯಿಯ ಹುಳಿಯಲ್ಲಿ ಸೌತೆಕಾಯಿ ಬೇಯಿಸಿ, ಕಾಯಿ ಅರೆದು ಹಾಕಿ, ಇಳಿಸುವಾಗ ಅರ್ಧ ಚಮಚ ಹೊಡಿ ಕದಡಿದರೆ ಮೇಲಾರಕ್ಕೆ ಮೈ ಬರುತ್ತದೆ. ಅರ್ಧ ಚಮಚ ಅಂದರೆ ಅರ್ಧವೇ. ಒಂದಾದರೆ ಎಲ್ಲರಿಗೂ ಗೊತ್ತಾಗುತ್ತದೆ.

ಗುಜ್ಜೆ, ಅಂದರೆ ಎಳೆ ಹಲಸಿನಕಾಯಿಯ ಪಲ್ಯಕ್ಕೆ ಹಾಕಬೇಡಿ. ತೆಂಗಿನಕಾಯಿ, ಸಾಸಿವೆ ಅರೆದು ಹಾಕಿದ ಪಲ್ಯಕ್ಕೆ ಇನ್ನೇನೂ ಬೇಕಾಗಿಲ್ಲ. ಮಳೆಗಾಲದ ಉಪ್ಪು ಸೊಳೆಯಂತೂ ಬೇರೆ ಲೋಕ. ಬಲಿತ ಹಲಸಿನ ಸೊಳೆಯನ್ನು ಬೇಸಿಗೆಯಲ್ಲಿ ಉಪ್ಪು ಹಾಕಿ ಭರಣಿಯಲ್ಲಿ ಒತ್ತಿಟ್ಟು, ಆಟಿ ತಿಂಗಳ ಮಳೆಯಲ್ಲಿ ತೆಗೆದು ನೀರಲ್ಲಿ ನೆನೆಸಿ ರೊಟ್ಟಿ ತಟ್ಟಿದರೆ, ಆ ಉಪ್ಪು ಹುಳಿಯ ಗಾಢ ರುಚಿಯ ಮುಂದೆ ವಿದೇಶದ ಹಳೆಯ ಚೀಸ್ ಕೂಡ ನಿಲ್ಲಲಿಕ್ಕಿಲ್ಲ. ಬಾಯಿಗೆ ಚೀಸಿನಂಥದ್ದೇ ಬೇಕು ಅನ್ನುವ ವೀಗನ್ನರಿಗೆ ನನ್ನ ಮೊದಲ ಸಲಹೆ ಇದೇ. ವಾಸನೆಗೆ ಹೆದರಬೇಡಿ.

ಗೇರುಬೀಜ ಮತ್ತು ಹೊಡಿ: ಎದುರಾಳಿಗಳಲ್ಲ

ಪಾಸ್ತಾ, ಪಿಜ್ಜಾ ಅಂತ ಮಕ್ಕಳು ಕೇಳಿದಾಗ ಬೇಕಾಗುವುದು ಬಿಳಿ ಸಾಸು. ಇಲ್ಲಿ ಜನ "ಗೇರುಬೀಜ ತರುವುದಾ, ಯೀಸ್ಟ್ ತರುವುದಾ" ಅಂತ ಕೇಳುತ್ತಾರೆ. ಇವು ಒಂದರ ಬದಲಿಗೆ ಒಂದಲ್ಲ. ಗೇರುಬೀಜದಿಂದ ಕೊಬ್ಬು, ದಪ್ಪ. ಹೊಡಿಯಿಂದ ರುಚಿ. ಗೇರುಬೀಜ ಒಂದೇ ಆದರೆ ಅದು ಕುರ್ಮಾದ ಮಸಾಲೆಯ ಹಾಗೆ ಸಿಹಿ. ಹೊಡಿ ಒಂದೇ ಆದರೆ ನೀರು.

ನನ್ನ ಅಳತೆ ಹೀಗೆ. ಅರ್ಧ ಕಪ್ ಗೇರುಬೀಜ ನಾಲ್ಕು ಗಂಟೆ ನೆನೆಸಿ. ಅವಸರವಾದರೆ ಕುದಿವ ನೀರಲ್ಲಿ ಅರ್ಧ ಗಂಟೆ. ಮೂರು ದೊಡ್ಡ ಚಮಚ ಹೊಡಿ, ಒಂದು ಎಸಳು ಬೆಳ್ಳುಳ್ಳಿ, ಅರ್ಧ ನಿಂಬೆಯ ರಸ, ಉಪ್ಪು, ಮುಕ್ಕಾಲು ಕಪ್ ನೀರು. ನುಣ್ಣಗೆ ಅರೆದು ಸಣ್ಣ ಉರಿಯಲ್ಲಿ ತೊಳಸಿ. ನಾಲ್ಕೈದು ನಿಮಿಷದಲ್ಲಿ ದಪ್ಪವಾಗುತ್ತದೆ. ಬಿಡದೆ ತೊಳಸಬೇಕು, ತಳ ಹಿಡಿಯುವುದಕ್ಕೆ ಅದಕ್ಕೆ ಒಂದು ಕ್ಷಣ ಸಾಕು.

ಗೇರುಬೀಜದ ಸೀಮೆಯಲ್ಲೇ ಇದ್ದರೂ ಬೀಜದ ರೇಟು ಕೇಳಿದರೆ ತಲೆ ತಿರುಗುತ್ತದೆ, ಅಲ್ವಾ? ಹಾಗಾಗಿ ನಾನು ಕಂಡುಕೊಂಡ ಉಪಾಯ ಹಲಸಿನ ಬೇಳೆ, ಅಂದರೆ ಹಲಸಿನ ಬೀಜ. ಹತ್ತು ಹದಿನೈದು ಬೇಳೆ ಬೇಯಿಸಿ, ಬಿಳಿ ಸಿಪ್ಪೆಯ ಜೊತೆ ಒಳಗಿನ ಕಂದು ಸಿಪ್ಪೆಯನ್ನೂ ಉಜ್ಜಿ ತೆಗೆದು, ಕಾಯಿಹಾಲಿನಲ್ಲಿ ಅರೆಯಿರಿ. ಮೇಲೆ ಹೇಳಿದಷ್ಟೇ ಹೊಡಿ, ನಿಂಬೆ, ಉಪ್ಪು. ಬೇಳೆಯ ಹಿಟ್ಟಿನಂಶದಿಂದ ಸಾಸು ಎಳೆ ಎಳೆಯಾಗಿ ಬರುತ್ತದೆ. ಪಿಜ್ಜಾದ ಮೇಲೆ ಗೇರುಬೀಜದ ಸಾಸಿಗಿಂತ ನನಗೆ ಇದೇ ಇಷ್ಟ. ಮಕ್ಕಳು ಒಪ್ಪುವುದಿಲ್ಲ, ಅವರಿಗೆ ಗೇರುಬೀಜವೇ ಆಗಬೇಕು. ಹಲಸು ಬೇಡವಾದರೆ ಬೇಯಿಸಿದ ಬಟಾಟೆ, ಕ್ಯಾರೆಟ್ ಅರೆದರೂ ನಡೆಯುತ್ತದೆ.

ಅಜಿನೊಮೊಟೊ ಯಾಕಾಗಬಾರದು?

ಈ ಪ್ರಶ್ನೆ ಕೇಳಿದ್ದು ನನ್ನ ಗಂಡ. ನ್ಯಾಯವಾದ ಪ್ರಶ್ನೆಯೇ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಕೊಂಬು ಎಂಬ ಕಡಲ ಸೊಪ್ಪಿನಿಂದ ಗ್ಲುಟಮೇಟನ್ನು ಬೇರೆ ಮಾಡಿ, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಮರುವರ್ಷವೇ ಅದು ಅಜಿನೊಮೊಟೊ ಅಂತ ಅಂಗಡಿಗೆ ಬಂತು. ಯೀಸ್ಟಿನಲ್ಲಿ ನಾಲಗೆ ಹಿಡಿಯುವುದೂ ಅದೇ ಗ್ಲುಟಮೇಟ್. ಇವತ್ತು ಅಜಿನೊಮೊಟೊ ತಯಾರಾಗುವುದು ಕಬ್ಬು, ಮರಗೆಣಸಿನಂಥವುಗಳ ಸಕ್ಕರೆಯನ್ನು ಹುದುಗಿಸಿ. ಹಾಗಾಗಿ ಅದೂ ವೀಗನ್. ಅದರ ಬಗ್ಗೆ ಜನರಲ್ಲಿ ಇರುವ ಹೆದರಿಕೆ ಬೇಕಾದದ್ದಕ್ಕಿಂತ ಜಾಸ್ತಿ. ರುಚಿ ಮಾತ್ರ ಬೇಕು, ಖರ್ಚು ಕಡಿಮೆ ಆಗಬೇಕು ಅನ್ನುವವರಿಗೆ ಚಿಟಿಕೆ ಅಜಿನೊಮೊಟೊ ಸಾಕು. ಆದರೆ ಅದಕ್ಕೆ ಹುರಿದ ಪರಿಮಳ ಇಲ್ಲ, ಪ್ರೋಟೀನ್ ಇಲ್ಲ, ಸಾಸಿಗೆ ಮೈ ಕೊಡುವುದಿಲ್ಲ. ಪೋಡಿಯ ಮೇಲೆ ಉದುರಿಸಿ ಚಂದ ನೋಡಲಿಕ್ಕೂ ಆಗುವುದಿಲ್ಲ.

ಅಣಬೆ ತಿನ್ನುವವರಾದರೆ ಒಣಗಿದ ಶಿಟಾಕೆಯ ಪುಡಿ ಇನ್ನೊಂದು ದಾರಿ. ಅದರಲ್ಲಿ ಗ್ವಾನಿಲೇಟ್ ಅಂತ ಬೇರೆಯೇ ಒಂದು ಅಂಶ ಇದೆ. ಗ್ಲುಟಮೇಟಿನ ಜೊತೆ ಅದು ಸೇರಿದರೆ ರುಚಿ ಒಂದಕ್ಕೆ ಒಂದು ಕೂಡಿ ಎರಡಾಗುವುದಿಲ್ಲ, ಹಲವು ಪಟ್ಟು ಆಗುತ್ತದೆ. ಒಂದು ಚಮಚ ಯೀಸ್ಟಿಗೆ ಕಾಲು ಚಮಚ ಅಣಬೆ ಪುಡಿ ಬೆರೆಸಿಟ್ಟುಕೊಂಡರೆ ಡಬ್ಬ ತುಂಬ ದಿನ ಬರುತ್ತದೆ.

ಬಿ12 ವಿಷಯದಲ್ಲಿ ಮಾತ್ರ ತಮಾಷೆ ಬೇಡ

ಹಾಲು ಮಜ್ಜಿಗೆ ಪೂರ್ತಿ ಬಿಟ್ಟವರಿಗೆ ರುಚಿಗಿಂತ ದೊಡ್ಡ ಚಿಂತೆ ವಿಟಮಿನ್ ಬಿ12. ಅದನ್ನು ಮಾಡುವುದು ಬ್ಯಾಕ್ಟೀರಿಯಾಗಳು. ಯೀಸ್ಟ್ ತಾನಾಗಿ ಅದನ್ನು ಮಾಡುವುದಿಲ್ಲ. ಆದರೆ ತುಂಬ ಕಂಪೆನಿಗಳು ಹೊಡಿಗೆ ಬಿ12ನ್ನು ಹೊರಗಿನಿಂದ ಸೇರಿಸುತ್ತವೆ. ಹಾಗೆ ಸೇರಿಸಿದ್ದಕ್ಕೆ ಫೋರ್ಟಿಫೈಡ್ ಅಂತ ಬರೆದಿರುತ್ತದೆ, ಪದಾರ್ಥಗಳ ಪಟ್ಟಿಯಲ್ಲಿ ಸಯನೊಕೊಬಾಲಮಿನ್ ಅಂತ ಇರುತ್ತದೆ. ಅದು ಇಲ್ಲದ್ದನ್ನು ಅನ್‌ಫೋರ್ಟಿಫೈಡ್ ಅಂತ ಮಾರುತ್ತಾರೆ, "ಏನೂ ಸೇರಿಸಿಲ್ಲ, ಶುದ್ಧ" ಅಂತ ದೊಡ್ಡಕ್ಷರದಲ್ಲಿ. ಕೇಳಲಿಕ್ಕೆ ಚಂದ, ಆದರೆ ವೀಗನ್ನರಿಗೆ ಅದರಿಂದ ಬಿ12 ಸೊನ್ನೆ. ಮೊಸರು ತುಪ್ಪ ತಿನ್ನುತ್ತ ಸುಮ್ನೆ ರುಚಿಗಾಗಿ ತರುವವರು ಯಾವುದನ್ನಾದರೂ ತನ್ನಿ. ವೀಗನ್ನರು ಪಟ್ಟಿ ಓದದೆ ತರಬೇಡಿ.

ದೊಡ್ಡವರಿಗೆ ಬೇಕಾದದ್ದು ದಿನಕ್ಕೆ ಎರಡು ಚಿಲ್ಲರೆ ಮೈಕ್ರೋಗ್ರಾಂ ಅಷ್ಟೆ. ಆದರೂ ನಾನು ತಂಗಿಯ ಮಗಳಿಗೆ ಹೇಳಿದ್ದು, ಹೊಡಿಯನ್ನು ನಂಬಿ ಕೂರಬೇಡ, ಡಾಕ್ಟರನ್ನು ಕೇಳಿ ಮಾತ್ರೆ ತಗೋ ಅಂತ. ಹೊಡಿ ಒಂದು ದಿನ ಎರಡು ಚಮಚ ತಿಂತೇವೆ, ಒಂದು ವಾರ ಮರೆತೇ ಬಿಡುತ್ತೇವೆ. ಲಿವರಿನಲ್ಲಿ ಬಿ12 ವರ್ಷಗಟ್ಟಲೆ ಸಂಗ್ರಹ ಇರುವುದರಿಂದ ಕೊರತೆ ಕೂಡಲೇ ಗೊತ್ತಾಗುವುದಿಲ್ಲ. ಕಾಲು ಜೋಮು ಹಿಡಿದು, ಸುಸ್ತು ಶುರುವಾದ ಮೇಲೆ ಗೊತ್ತಾದರೆ ತಡವಾಗಿರುತ್ತದೆ. ಅಂದ ಹಾಗೆ, ಫೋರ್ಟಿಫೈಡ್ ಹೊಡಿ ತಿಂದ ಮರುದಿನ ಮೂತ್ರ ಗಾಢ ಹಳದಿಯಾದರೆ ಗಾಬರಿ ಬೇಡ. ಅದು ಬಿ2, ಅಂದರೆ ರೈಬೋಫ್ಲಾವಿನ್. ಒಮ್ಮೆಲೇ ಜಾಸ್ತಿ ತಿಂದರೆ ಅದರಲ್ಲಿರುವ ನಯಾಸಿನ್‌ನಿಂದ ಕೆಲವರಿಗೆ ಮುಖ ಕೆಂಪಾಗಿ ಬಿಸಿಯಾಗುವುದೂ ಉಂಟು.

ಯೂರಿಕ್ ಆಸಿಡ್ ಜಾಸ್ತಿ ಇರುವವರು, ಗೌಟ್ ಇರುವವರು ಕಡಿಮೆ ತಿನ್ನಿ, ಯೀಸ್ಟಿನಲ್ಲಿ ಪ್ಯೂರಿನ್ ಇದೆ. ಖಿನ್ನತೆಗೆ ಎಂಎಒಐ ಗುಂಪಿನ ಔಷಧ ತಗೊಳ್ಳುವವರು ಯೀಸ್ಟಿನ ಸಾರವನ್ನು ಮುಟ್ಟಬಾರದು. ಹೊಡಿಯ ಬಗ್ಗೆಯೂ ಡಾಕ್ಟರನ್ನೇ ಕೇಳಿ.

ತರುವಾಗ, ಇಡುವಾಗ

ಹಸಿರು ಚುಕ್ಕಿ ನೋಡಿ ವೀಗನ್ ಅಂದುಕೊಳ್ಳಬೇಡಿ. ಆ ಚುಕ್ಕಿಯ ಲೆಕ್ಕದಲ್ಲಿ ಹಾಲೂ ಸಸ್ಯಾಹಾರ. 2022ರ ನಿಯಮದ ನಂತರ ವೀಗನ್ ಆಹಾರಕ್ಕೆ ಬೇರೆಯೇ ಹಸಿರು ಗುರುತು ಬಂದಿದೆ, ಇಂಗ್ಲಿಷಿನ ವಿ ಅಕ್ಷರ ಇರುವಂಥದ್ದು. ಚೀಸ್ ರುಚಿಯ ಮಸಾಲೆ ಪುಡಿ ಅಂತ ಮಾರುವುದರಲ್ಲಿ ಹೆಚ್ಚಾಗಿ ಹಾಲಿನ ಪುಡಿ ಬೆರೆತಿರುತ್ತದೆ. ನಮ್ಮ ಕಾಸರಗೋಡಿನ ಅನಂತಪುರ ದೇವಸ್ಥಾನದ ಕೆರೆಯಲ್ಲಿ ನೈವೇದ್ಯ ತಿನ್ನುತ್ತಿದ್ದ ಬಬಿಯಾ ಮೊಸಳೆ ಸಸ್ಯಾಹಾರಿ ಅಂತ ಊರಿಗೆಲ್ಲ ಪ್ರಸಿದ್ಧವಾಗಿತ್ತು. 2022ರಲ್ಲಿ ಅದು ತೀರಿಕೊಂಡಾಗ ಎಷ್ಟು ಜನ ಸೇರಿದ್ದರು! ತಂಗಿಯ ಮಗಳಿಗೆ ಮಾತ್ರ ಅನುಮಾನ, "ದೊಡ್ಡಮ್ಮ, ನೈವೇದ್ಯಕ್ಕೆ ತುಪ್ಪ ಹಾಕುತ್ತಿದ್ದರಾ?"

ತೂಕದ ಲೆಕ್ಕದಲ್ಲಿ ಹೊಡಿ ಗೇರುಬೀಜಕ್ಕಿಂತಲೂ ತುಟ್ಟಿ. ಆದರೆ ಹಗುರ. ಒಂದು ದೊಡ್ಡ ಚಮಚ ಅಂದರೆ ಐದು ಗ್ರಾಂ ಬರುತ್ತದೆ ಅಷ್ಟೆ. ಇಬ್ಬರ ಮನೆಗೆ ನೂರು ಗ್ರಾಂ ಸಾಕು. ದೊಡ್ಡ ಪ್ಯಾಕೆಟ್ಟಿನ ಆಸೆಗೆ ಬೀಳಬೇಡಿ, ನಮ್ಮ ಮಳೆಗಾಲ ಗೊತ್ತಲ್ಲ. ಜೂನ್‌ನಲ್ಲಿ ಮುಚ್ಚಳ ಸರಿಯಾಗಿ ಹಾಕದ ಡಬ್ಬ ಜುಲೈಯಲ್ಲಿ ತೆರೆದರೆ ಹೊಡಿ ಬೆಲ್ಲದ ಅಚ್ಚಿನ ಹಾಗೆ ಗಟ್ಟಿ. ಹಪ್ಪಳ ಇಡುವ ಹಾಗೆ ಗಾಳಿಯಾಡದ ಸ್ಟೀಲು ಡಬ್ಬದಲ್ಲಿಡಿ. ಗಾಜಿನ ಬಾಟಲಿಯಲ್ಲಿ ಕಿಟಕಿಯ ಹತ್ತಿರ ಬೇಡ, ಬೆಳಕಿಗೆ ರೈಬೋಫ್ಲಾವಿನ್ ಹಾಳಾಗುತ್ತದೆ. ಒದ್ದೆ ಚಮಚ ಹಾಕಲೇಬಾರದು. ಗಂಜಿಗೆ ಹಾಕುವ ಅವಸರದಲ್ಲಿ ನಮ್ಮ ಮನೆಯಲ್ಲಿ ಅದೇ ತಪ್ಪು ಮೂರು ಸಲ ಆಗಿದೆ. ಈಗ ಡಬ್ಬದೊಳಗೇ ಒಂದು ಒಣ ಚಮಚ ಹಾಕಿಟ್ಟಿದ್ದೇನೆ.